ಎರಡನೇ ಸ್ಟೂಲು

"ಕೈ ತೆಗೀರೀ!"

ಆ ಕೂಗಿಗೆ ಮೇಧಿನಿ ಬೆಚ್ಚಿಬಿದ್ದಳು. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಠಣ್ ಎಂದು ನೆಲಕ್ಕೆ ಬಿತ್ತು. ಬಿಚ್ಚಿಟ್ಟ ಕಂಪ್ಯೂಟರಿನ ಹೊಟ್ಟೆಯೊಳಗೆ ಇನ್ನೇನು ಅವಳ ಬೆರಳು ಹೋಗಬೇಕು... ಅಷ್ಟರಲ್ಲಿ ಎದುರಿಗಿದ್ದವನು ಗೋಡೆಯ ಪ್ಲಗ್ ಕಿತ್ತು ಕೈಯಲ್ಲಿ ಹಿಡಿದು ನಿಂತಿದ್ದ.

"ಪ್ಲಗ್ಗು ಹಂಗೇ ಐತೆ! ಕರೆಂಟ್ ಹೊಡೆದ್ರೆ ಏನ್ ಗತಿ?"

ಅರಸೀಕೆರೆಯ ಬಸ್‌ಸ್ಟ್ಯಾಂಡ್ ಹಿಂದಿನ ರಸ್ತೆಯಲ್ಲಿ, ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿ. ಕಂಪ್ಯೂಟರ್, ಮೊಬೈಲ್ ರಿಪೇರಿ ಕಲಿಸುವ ಮೂರು ತಿಂಗಳ ತರಬೇತಿಯ ಮೊದಲ ದಿನ. ಹದಿನಾಲ್ಕು ಜನ ಒಟ್ಟಿಗೇ ತಿರುಗಿ ನೋಡಿದರು. ಮೇಧಿನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಹೇಳೋ ರೀತೀಲಿ ಹೇಳಬಹುದಿತ್ತಲ್ಲ! ಅಷ್ಟು ಜೋರಾಗಿ ಕಿರುಚಬೇಕಿತ್ತಾ?"

"ಮೆಲ್ಲಗೆ ಹೇಳಿದ್ರೆ ಕೇಳೋಕೆ ನೀವು ಇರ್ತಿರ್ಲಿಲ್ಲ!"

ತರಬೇತಿ ಕೊಡುವ ಮಹಾಂತೇಶ್ ಸರ್ ಕನ್ನಡಕದ ಮೇಲಿನಿಂದ ಇಬ್ಬರನ್ನೂ ನೋಡಿದರು. "ಸರಿಯಾಗಿದೆ ಜೋಡಿ. ನೀವಿಬ್ಬರೂ ಪಾರ್ಟ್ನರ್ಸು. ಆ ಕಿಟಕಿ ಪಕ್ಕದ ಟೇಬಲ್ ತಗೊಳ್ಳಿ."

ಟೇಬಲ್ಲಿಗೆ ಇದ್ದದ್ದು ಒಂದೇ ಸ್ಟೂಲು. ಉಳಿದ ಸ್ಟೂಲುಗಳು 'ಇವತ್ತೋ ನಾಳೆಯೋ ಬರ್ತಾವೆ' ಎಂದರು ಸರ್. ಆ ನಾಳೆ ಕೊನೆಯವರೆಗೂ ಬರಲಿಲ್ಲ ಅನ್ನುವುದು ಬೇರೆ ಮಾತು. ಅವನು ಇದ್ದ ಒಂದನ್ನು ಕಾಲಿನಿಂದಲೇ ಅವಳ ಕಡೆ ಸರಿಸಿದ.

"ಕೂತ್ಕಳಿ."

'ಕೂಗೋದನ್ನೂ ಕಲಿತಿದ್ದಾನೆ, ಕೂರಿಸೋದನ್ನೂ ಕಲಿತಿದ್ದಾನೆ' ಎಂದುಕೊಂಡು ಮೇಧಿನಿ ಮುಖ ಊದಿಸಿಕೊಂಡೇ ಕೂತಳು.

ಅವನ ಹೆಸರು ಚನ್ನೇಶ್. ಹತ್ತಿರದ ಗಂಡಸಿ ಊರಿನ ತೆಂಗಿನ ತೋಟದ ನಂಜಪ್ಪನವರ ಮಗ. ಊರಲ್ಲೇ ಒಂದು ರಿಪೇರಿ ಅಂಗಡಿ ಹಾಕಬೇಕು ಅನ್ನುವುದು ಅವನ ಆಸೆ. ಮೇಧಿನಿ ಹಾರನಹಳ್ಳಿಯ ಅರ್ಚಕ ಭಾಷ್ಯಂ ಅವರ ಮಗಳು. ಬಿ.ಕಾಂ ಮುಗಿಸಿ ಎರಡು ವರ್ಷ ಮನೆಯಲ್ಲೇ ಇದ್ದು, ಅಪ್ಪನನ್ನು ಕಾಡಿ ಬೇಡಿ ಈ ತರಬೇತಿಗೆ ಸೇರಿದ್ದಳು. ಕೆಟ್ಟು ಕೂತ ವಸ್ತು ಅವಳ ಕೈಯಲ್ಲಿ ಮತ್ತೆ ಜೀವ ಪಡೆದಾಗ ಅವಳಿಗೆ ಆಗುತ್ತಿದ್ದ ಸಂತೋಷ ಇನ್ಯಾವುದರಲ್ಲೂ ಆಗುತ್ತಿರಲಿಲ್ಲ.

ಮಹಾಂತೇಶ್ ಸರ್ ಕಲಿಸುವ ಕ್ರಮವೇ ವಿಚಿತ್ರವಾಗಿತ್ತು. ಪ್ರತಿ ಸಂಜೆ ಒಬ್ಬರು ಚೆನ್ನಾಗಿರುವ ಒಂದು ಯಂತ್ರವನ್ನು ಬೇಕೆಂದೇ ಕೆಡಿಸಿಡಬೇಕು. ಮಾರನೇ ದಿನ ಪಾರ್ಟ್ನರ್ ಅದನ್ನು ಹುಡುಕಿ ಸರಿಮಾಡಬೇಕು. ಮಾಡಿದ ಕಿತಾಪತಿಯನ್ನು ಚೀಟಿಯಲ್ಲಿ ಬರೆದು ಬಿಸ್ಕತ್ ಡಬ್ಬಿಗೆ ಹಾಕಿಡಬೇಕು.

"ಎರಡು ಮಾತು ನೆನಪಿರಲಿ," ಎನ್ನುತ್ತಿದ್ದರು ಸರ್. "ಒಂದು, ಹುಡುಕುವವರು ಮೊದಲು ಕರೆಂಟ್ ಬರ್ತಿದೆಯಾ ನೋಡಬೇಕು, ಆಮೇಲೆ ಮುಂದಿನದು. ಎರಡು, ಕೆಡಿಸಿದವರು ಬಾಯಿಬಿಡಬಾರದು! ಪಾರ್ಟ್ನರ್ ಒಂದು ವಾರ ಒದ್ದಾಡಿದರೂ ಸರಿ, ಸುಳಿವು ಕೊಡೋ ಹಾಗಿಲ್ಲ."

ಚನ್ನೇಶ್ ಮೆಮೊರಿ ಕಾರ್ಡಿನ ಚಿನ್ನದ ಅಂಚಿಗೆ ಕಾಣದ ಹಾಗೆ ಟೇಪ್ ಅಂಟಿಸಿಟ್ಟ. ಮೇಧಿನಿ ಅರ್ಧ ಗಂಟೆಯಲ್ಲಿ ಹಿಡಿದಳು. ಅವಳು ಮೊಬೈಲಿನ ಚಾರ್ಜರ್ ತೂತಿಗೆ ಹತ್ತಿ ತುರುಕಿದಳು. ಅವನು ಎರಡೇ ನಿಮಿಷದಲ್ಲಿ ತೆಗೆದು ಹಲ್ಲುಕಿಸಿದ. ಒಂದು ದಿನ ಅವಳು ಕಂಪ್ಯೂಟರಿನೊಳಗಿನ ಬಿಲ್ಲೆ ಬ್ಯಾಟರಿ ಕಿತ್ತಿಟ್ಟಳು. ಆನ್ ಮಾಡಿದರೆ ತಾರೀಕು ಹದಿನೈದು ವರ್ಷ ಹಿಂದಕ್ಕೆ ಹೋಗಿತ್ತು!

"ನಿಮ್ಮ ಜೊತೆ ಕೆಲಸ ಮಾಡ್ತಿದ್ರೆ ಟೈಮ್ ಗೊತ್ತಾಗಲ್ಲ ಅನ್ಕಂಡಿದ್ದೆ," ಎಂದ ಚನ್ನೇಶ್ ಪರದೆ ನೋಡುತ್ತಾ. "ಈಗ ವರ್ಷನೂ ಗೊತ್ತಾಗ್ತಿಲ್ಲ ನೋಡ್ರಿ."

ಮೇಧಿನಿ ನಕ್ಕಳು. ನಕ್ಕಮೇಲೆ ಕಿಟಕಿಯ ಕಡೆ ತಿರುಗಿಕೊಂಡಳು. ಕೆನ್ನೆ ಬಿಸಿಯಾದದ್ದು ಅವನಿಗೆ ಕಾಣಬಾರದಲ್ಲ!

ಎರಡು ತಿಂಗಳು ಹೀಗೇ ಕಳೆಯಿತು. ಅವಳು ಕೂತಿರುತ್ತಿದ್ದಳು, ಅವನು ನಿಂತಿರುತ್ತಿದ್ದ. ಇಬ್ಬರೂ ಪ್ರೀತಿ ಅನ್ನುವ ಮಾತನ್ನು ಅಪ್ಪಿತಪ್ಪಿಯೂ ಆಡಲಿಲ್ಲ. ಆದರೂ ಇಡೀ ತರಗತಿಗೆ ಗೊತ್ತಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ?

ಒಂದು ಶುಕ್ರವಾರ ಎಲ್ಲರೂ ಹಳೇಬೀಡಿನ ಕಡೆಯ ಒಂದು ಶಾಲೆಯ ಕಂಪ್ಯೂಟರ್‌ಗಳನ್ನು ಸರಿಮಾಡಲು ಹೋದರು. ಕೆಲಸ ಬೇಗ ಮುಗಿಯಿತು. ಬಸ್ಸಿಗೆ ಇನ್ನೂ ಹೊತ್ತಿತ್ತೆಂದು ಬಸ್ತಿಹಳ್ಳಿಯ ಬಸದಿಗೆ ಹೋದರು. ಅಲ್ಲಿ ಕನ್ನಡಿಯಂತೆ ನುಣುಪಾದ ಕಲ್ಲುಕಂಬ. ಮೇಧಿನಿ ಎದುರು ನಿಂತಳು. ಅವಳ ಬಿಂಬದ ಪಕ್ಕದಲ್ಲೇ ಇನ್ನೊಂದು ಬಿಂಬ ಬಂದು ನಿಂತಿತು.

"ಮೇಧಿನಿ ಅವ್ರೇ..." ಚನ್ನೇಶ್ ಕಂಬದಲ್ಲಿ ಕಾಣುವ ಅವಳ ಮುಖಕ್ಕೇ ಹೇಳಿದ. "ಒಂದು ಮಾತು ಕೇಳ್ಬೇಕಿತ್ತು. ಅಂಗಡಿ ವಿಷ್ಯ..."

'ಕೇಳು... ಬೇಗ ಕೇಳು...' ಎನ್ನುತ್ತಿತ್ತು ಅವಳ ಎದೆ.

"ಬಸ್ ಬಂತು! ಓಡಿ ಬನ್ರೋ!" ಎಂದು ಹೊರಗಿನಿಂದ ಹೇಮಾಶ್ರೀ ಕೂಗಿದಳು. ಜೊತೆಯಲ್ಲಿ ಕಲಿಯುತ್ತಿದ್ದ ಈ ಹುಡುಗಿಗೆ ಬಾಯಿಯೂ ದೊಡ್ಡದು, ಮನಸ್ಸೂ ದೊಡ್ಡದು. ಹೊತ್ತುಗೊತ್ತು ಮಾತ್ರ ಗೊತ್ತಿಲ್ಲ.

"ಸೋಮವಾರ ಹೇಳ್ತೀನಿ ಬಿಡಿ," ಎಂದ ಚನ್ನೇಶ್.

ಆದರೆ ಮೇಧಿನಿಯ ಪಾಲಿಗೆ ಆ ಸೋಮವಾರ ಬರಲೇ ಇಲ್ಲ.

ಭಾನುವಾರ ಬೆಳಿಗ್ಗೆ ಅವಳ ಅಮ್ಮ ಕೋಮಲವಲ್ಲಿ ಬಾವಿಕಟ್ಟೆಯ ಹತ್ತಿರ ಜಾರಿಬಿದ್ದರು. ಕಾಲಿನ ಮೂಳೆ ಬಿರುಕುಬಿಟ್ಟಿತು. ಬ್ಯಾಂಡೇಜ್ ಹಾಕಿದ ಡಾಕ್ಟರು, "ಮೂರು ವಾರ ಪೂರ್ತಿ ವಿಶ್ರಾಂತಿ. ಆಮೇಲೆ ವಾಕರ್ ಹಿಡಿದು ನಿಧಾನವಾಗಿ ನಡೀಬಹುದು" ಎಂದರು.

ದೇವರ ನೈವೇದ್ಯ ಅರ್ಚಕರ ಮನೆಯಲ್ಲೇ ಆಗಬೇಕು, ಮಡಿಯಲ್ಲೇ ಆಗಬೇಕು. ಅದು ತಲೆತಲಾಂತರದಿಂದ ಬಂದದ್ದು.

"ಸ್ವಾಮಿ ಉಪವಾಸ ಇರೋಕಾಗತ್ತೇನಮ್ಮಾ?" ಎಂದರು ಭಾಷ್ಯಂ. ಅವರು ಗದರಲಿಲ್ಲ. ಗದರಿದ್ದರೆ ಮೇಧಿನಿ ಜಗಳವಾದರೂ ಆಡುತ್ತಿದ್ದಳು. "ಕ್ಲಾಸು ಮುಂದಿನ ವರ್ಷವೂ ಇರತ್ತೆ."

ಅಲ್ಲಿಗೆ ಮುಗಿಯಿತು! ಸರ್‌ಗೆ ಫೋನ್ ಮಾಡಿ ವಿಷಯ ತಿಳಿಸಿದ್ದಷ್ಟೇ.

ನಸುಕಿಗೇ ತಣ್ಣೀರು ಸ್ನಾನ, ಒದ್ದೆಯಲ್ಲೇ ಒಲೆ. ಪೊಂಗಲ್, ಪುಳಿಯೋಗರೆ, ಮೊಸರನ್ನ. ಮಡಿಯಲ್ಲಿರುವಾಗ ಯಾರನ್ನೂ ಮುಟ್ಟುವ ಹಾಗಿಲ್ಲ, ಮೊಬೈಲಂತೂ ಮೊದಲೇ ಇಲ್ಲ. ಪೂಜೆ ಮುಗಿಯುವಷ್ಟರಲ್ಲಿ ಅಮ್ಮನ ಸ್ನಾನ, ಔಷಧ, ಪಾತ್ರೆ, ಬಟ್ಟೆ. ಉಸಿರು ಬಿಡುವ ಹೊತ್ತಿಗೆ ಸಂಜೆಯ ನೈವೇದ್ಯಕ್ಕೆ ಮತ್ತೆ ಮಡಿ.

ಆ ಅಡುಗೆಮನೆಗೆ ಇದ್ದದ್ದು ಒಂದೇ ಕಿಟಕಿ, ಅದೂ ಅವಳ ತಲೆಗಿಂತ ಎರಡು ಮೊಳ ಮೇಲೆ. ಹೊಗೆ ಹೋಗಲೆಂದು ಮಾಡಿದ್ದು. ಅಲ್ಲಿಂದ ಒಂದು ತುಂಡು ಆಕಾಶ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಹತ್ತು ಗಂಟೆಯ ಬಸ್ಸಿನ ಹಾರ್ನ್ ಕೇಳಿದಾಗ ಮೇಧಿನಿಯ ಕೈ ಸೌಟಿನ ಮೇಲೇ ನಿಂತುಹೋಗುತ್ತಿತ್ತು. 'ಈಗ ಅವನು ಟೇಬಲ್ ಹತ್ತಿರ ನಿಂತಿರ್ತಾನೆ. ಸ್ಟೂಲು ಖಾಲಿ ಇರತ್ತೆ...'

ಅಮ್ಮ ಬಿದ್ದ ಐದನೇ ದಿನ ಬೆಳಿಗ್ಗೆ ಬಾಗಿಲಲ್ಲಿ ಬೈಕ್ ನಿಂತ ಸದ್ದಾಯಿತು.

"ಅಮ್ಮಾವ್ರಿಗೆ ಹೆಂಗೈತೆ ಸ್ವಾಮಿ?"

ಅದೇ ದನಿ! ಮೇಧಿನಿ ಅಡುಗೆಮನೆಯ ಬಾಗಿಲವರೆಗೆ ಓಡಿದಳು. ಮೈಮೇಲೆ ಮಡಿಸೀರೆ, ಕೈಯಲ್ಲಿ ಸೌಟು, ಒಲೆಯ ಮೇಲೆ ನೈವೇದ್ಯ. ಹೊಸ್ತಿಲು ದಾಟುವ ಹಾಗಿಲ್ಲ. ಅವನಿಗೂ ಅವಳಿಗೂ ನಡುವೆ ಹತ್ತು ಹೆಜ್ಜೆ, ಒಂದು ಬಾಗಿಲು.

"ಈ ಹಳೇ ಮೊಬೈಲ್ ಆನ್ ಆಗ್ತಿಲ್ಲ. ಮೇಧಿನಿ ಅವ್ರೇ ನೋಡ್ಬೇಕು. ನಾನು ಬೇರೇನೂ ಹೇಳಂಗಿಲ್ಲ. ಬತ್ತೀನಿ ಸ್ವಾಮಿ."

ಬೈಕು ಹೊರಟುಹೋಯಿತು.

ಅಷ್ಟೇನಾ? ಹೇಗಿದ್ದೀಯ ಅನ್ನಲಿಲ್ಲ. ಯಾವಾಗ ಬರ್ತೀಯ ಅನ್ನಲಿಲ್ಲ. ಬಸದಿಯಲ್ಲಿ ಅರ್ಧಕ್ಕೇ ಬಿಟ್ಟ ಮಾತಿನ ಉಳಿದರ್ಧವನ್ನೂ ಹೇಳಲಿಲ್ಲ. ಗುಜರಿ ಮೊಬೈಲೊಂದನ್ನು ಬಿಸಾಕಿ ಹೋದ!

'ನನ್ನ ಮನೆಯೇನು ಇವನಿಗೆ ಸರ್ವಿಸ್ ಸೆಂಟರ್ರಾ?' ಮಡಿ ಬಿಟ್ಟಮೇಲೆ ಮೇಧಿನಿ ಆ ಕೀಪ್ಯಾಡ್ ಮೊಬೈಲನ್ನು ಬೀರುವಿನ ಸೀರೆಗಳ ಕೆಳಗೆ ತಳ್ಳಿದಳು. ಬಿಚ್ಚಿಯೂ ನೋಡಲಿಲ್ಲ. ಹಟ! ಪ್ರೀತಿಯಲ್ಲಿ ಬಿದ್ದವರಿಗೆ ಬುದ್ಧಿಗಿಂತ ಒಂದು ಹೆಜ್ಜೆ ಮುಂದೆ ಓಡುವುದೇ ಈ ಹಟ.

ದಿನಗಳು ಉರುಳಿದವು. ಅವನಿಂದ ಒಂದು ಮೆಸೇಜಿಲ್ಲ, ಒಂದು ಫೋನಿಲ್ಲ. ಅವಳೂ ಎಷ್ಟೋ ಸಲ ಟೈಪ್ ಮಾಡಿ, ಕಳಿಸದೆ ಅಳಿಸಿದಳು. ಒಂದು ಮಧ್ಯಾಹ್ನ ಹೇಮಾಶ್ರೀಯೇ ಫೋನ್ ಮಾಡಿದಳು.

"ಮುಂದಿನ ಸೋಮವಾರ ಪರೀಕ್ಷೆ ಕಣೇ! ನಿನ್ನ ಹಾಜರಿ ಸಾಕಂತೆ, ಬಂದು ಬರೀಬಹುದು ಅಂದ್ರು ಸರ್. ಚನ್ನೇಶ್ ಈಗ ನನ್ನ ಪಾರ್ಟ್ನರ್ರು ಗೊತ್ತಾ? ಯಾಕೋ ಮಾತೇ ಆಡಲ್ಲಪ್ಪ. ಪರೀಕ್ಷೆ ಆದ ದಿನವೇ ಊರಿಗೆ ಹೋಗಿಬಿಡ್ತಾರಂತೆ, ಅಂಗಡಿ ಬೋರ್ಡೂ ರೆಡಿಯಂತೆ!"

ಬೇರೆ ಪಾರ್ಟ್ನರ್. ಬೋರ್ಡೂ ರೆಡಿ. ಮೇಧಿನಿ ಫೋನ್ ಇಟ್ಟು ಒಲೆಯ ಮುಂದೆ ಕೂತು ಅತ್ತಳು. ಅಪ್ಪ ಬಂದು ಕೇಳಿದಾಗ ಹೊಗೆ ಎಂದಳು.

"ಅಪ್ಪಾ, ಸೋಮವಾರ ಒಂದೇ ಒಂದು ದಿನ... ಪರೀಕ್ಷೆ ಬರೆದು ಬರ್ಲಾ?"

"ನಿಮ್ಮಮ್ಮ ಕಾಲು ಊರೋಕೂ ಆಗಲ್ಲ ಅಂತಾಳಲ್ಲಮ್ಮಾ," ಎಂದರು ಭಾಷ್ಯಂ, ಅವಳ ಮುಖ ನೋಡದೆ. "ಹೇಗೆ ಕಳಿಸಲಿ?"

ಬ್ಯಾಂಡೇಜ್ ಬಿಚ್ಚಿ ಆಗಲೇ ಐದು ದಿನ. ವಾಕರ್ ಮೂಲೆಯಲ್ಲಿ ನಿಂತಿತ್ತು. ಕೋಮಲವಲ್ಲಿ ಮಾತ್ರ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. "ಆಗಲ್ಲ ಕಣೇ... ಊರಿದರೆ ಜೀವ ಹೋಗತ್ತೆ" ಎನ್ನುತ್ತಿದ್ದರು.

'ಇನ್ನು ಇಷ್ಟೇ ನನ್ನ ಬದುಕು' ಎಂದುಕೊಂಡಳು ಮೇಧಿನಿ.

ಶನಿವಾರ ಬಂತು. ಅಮ್ಮ ಬಿದ್ದು ಇಪ್ಪತ್ತೇಳು ದಿನ ಕಳೆದಿತ್ತು. ಬೆಳಿಗ್ಗೆ ಹಿತ್ತಲ ತುಳಸಿಕಟ್ಟೆಯ ಮುಂದೆ ರಂಗೋಲಿ ಹಾಕಿ, ಹೂ ಕೊಡಲು ದೇವಸ್ಥಾನಕ್ಕೆ ಹೋಗಿಬಂದಳು. ಬಂದವಳು ರಂಗೋಲಿಯ ಮುಂದೆ ಗಕ್ಕನೆ ನಿಂತಳು.

ರಂಗೋಲಿಯ ಎಳೆ ನಾಲ್ಕು ಕಡೆ ಅಳಿಸಿತ್ತು. ನಾಲ್ಕೂ ಕಡೆ ಒಂದೇ ಅಳತೆಯ ಗುಂಡು ಗುರುತು.

ಎರಡು ತಿಂಗಳು ತೊಂದರೆ ಹುಡುಕುವುದನ್ನೇ ಕಲಿತ ಕಣ್ಣು ಸುಮ್ಮನಿರುತ್ತದೆಯೇ? ಒಳಗೆ ಹೋಗಿ ವಾಕರ್ ಮಗುಚಿ ನೋಡಿದಳು. ಅದರ ರಬ್ಬರ್ ಬುಡಗಳಲ್ಲಿ ಬೆಳ್ಳನೆಯ ರಂಗೋಲಿ ಪುಡಿ ಹಸಿಯಾಗಿ ಅಂಟಿಕೊಂಡಿತ್ತು!

"ಅಮ್ಮಾ... ನಿನಗೆ ನಡೆಯೋಕೆ ಬರತ್ತೆ."

ಕೋಮಲವಲ್ಲಿ ಗೋಡೆಯ ಕಡೆ ಮುಖ ತಿರುಗಿಸಿದರು.

"ಅಮ್ಮಾ! ಯಾಕಮ್ಮಾ ಹೀಗೆ ಮಾಡಿದೆ? ನಾನು ಇಲ್ಲಿ ಉಸಿರುಕಟ್ಟಿ ಸಾಯ್ತಿದ್ದೀನಿ!"

ಅಮ್ಮನ ಭುಜ ಅಲುಗಿತು.

"ಇಪ್ಪತ್ತೆಂಟು ವರ್ಷ ಆ ಒಲೆ ಮುಂದೆ ಒಬ್ಬಳೇ ಇದ್ದೆ ಕಣೇ. ಈ ಒಂದು ತಿಂಗಳು ನೀನು ಮನೇಲಿದ್ದೆ, ಮಾತಿಗೆ ಸಿಕ್ಕಿದೆ... ನಾನು ಎದ್ದರೆ ನೀನು ಹೋಗಿಬಿಡ್ತೀಯ ಅಂತ ಭಯ. ನಾಳೆ ಏಳ್ತೀನಿ, ನಾಳೆ ಏಳ್ತೀನಿ ಅಂದುಕೊಂಡೇ ಬಂದೆ. ತಪ್ಪಾಯ್ತಮ್ಮಾ..."

ಮೇಧಿನಿಗೆ ಸಿಟ್ಟೂ ಬಂತು, ಅಳುವೂ ಬಂತು. ತಾನು ಒಂದು ತಿಂಗಳು ಸಿಕ್ಕಿಬಿದ್ದದ್ದಕ್ಕೆ ಇಷ್ಟು ಸಂಕಟ. ಅಮ್ಮ ಆ ಹೊಗೆಯಲ್ಲೇ ಇಪ್ಪತ್ತೆಂಟು ವರ್ಷ ಕಳೆದಿದ್ದಳು! ಹೋಗಿ ಅಮ್ಮನನ್ನು ತಬ್ಬಿಕೊಂಡಳು.

ಕೋಮಲವಲ್ಲಿ ಕಣ್ಣೊರೆಸಿಕೊಂಡು ಎದ್ದು ಕೂತರು. "ನಿಮ್ಮಪ್ಪನಿಗೆ ಅಡುಗೆ ಬರತ್ತೆ, ಗೊತ್ತಾ ನಿನಗೆ? ಮದುವೆಗೆ ಮುಂಚೆ ನೈವೇದ್ಯ ಅವರೇ ಮಾಡ್ತಿದ್ದರು. ನಾನು ಬಂದೆ, ಅವರು ಮರೆತರು. ಸೋಮವಾರ ನೆನಪು ಮಾಡಿಸ್ತೀನಿ. ನೀನು ಪರೀಕ್ಷೆಗೆ ಹೋಗು." ಸೆರಗು ಸರಿಮಾಡಿಕೊಂಡು ಕೇಳಿದರು, "ಆ ಹುಡುಗ ಮೊಬೈಲ್ ಕೊಟ್ಟುಹೋದನಲ್ಲ, ಸರಿಮಾಡಿದೆಯಾ?"

"ಇಲ್ಲ."

"ಯಾಕೆ? ನೀವೇ ನೋಡ್ಬೇಕು, ನಾನು ಬೇರೇನೂ ಹೇಳಂಗಿಲ್ಲ ಅಂತ ಅಷ್ಟು ಒತ್ತಿ ಹೇಳಿದ ಪಾಪ."

ಮೇಧಿನಿ ಕಲ್ಲಿನಂತೆ ನಿಂತಳು.

ಹೇಳಂಗಿಲ್ಲ... ಹೇಳೋ ಹಾಗಿಲ್ಲ... *ಕೆಡಿಸಿದವರು ಬಾಯಿಬಿಡಬಾರದು!*

ಅಯ್ಯೋ ದೇವರೇ!

ಬೀರುವಿನ ಸೀರೆಗಳೆಲ್ಲ ನೆಲಕ್ಕೆ ಬಿದ್ದವು. ಮೊಬೈಲ್ ಸಿಕ್ಕಿತು. ಮೊದಲು ಕರೆಂಟ್ ಬರ್ತಿದೆಯಾ ನೋಡು... ಉಗುರಿನಿಂದಲೇ ಹಿಂದಿನ ಮುಚ್ಚಳ ತೆಗೆದಳು. ಬ್ಯಾಟರಿ ಎತ್ತಿದಳು. ಬ್ಯಾಟರಿಗೂ ಒಳಗಿನ ಪಿನ್ನುಗಳಿಗೂ ನಡುವೆ, ಕರೆಂಟ್ ಹರಿಯದ ಹಾಗೆ ಒಂದು ಪುಟ್ಟ ಕಾಗದ ಮಡಿಸಿ ಇಟ್ಟಿತ್ತು. ಬಿಡಿಸಿದಳು.

*ಅಂಗಡೀಲಿ ಎರಡು ಸ್ಟೂಲ್ ಹಾಕ್ಸ್ಲಾ?*

ಮೇಧಿನಿ ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ. ಬಸದಿಯಲ್ಲಿ ನಿಂತುಹೋದ ಮಾತು ಇದು! ಇಷ್ಟು ದಿನ ಅವಳ ಸೀರೆಗಳ ಕೆಳಗೇ ಬಿದ್ದಿತ್ತು. ಐದು ನಿಮಿಷದಲ್ಲಿ ಹುಡುಕುತ್ತಾಳೆ ಎಂದು ನಂಬಿ ಅವನು ಕಾದಿರುತ್ತಾನೆ. ಉತ್ತರ ಬಾರದಿದ್ದಾಗ... ಬೇಡ ಎಂದುಕೊಂಡಿರುತ್ತಾನೆ! ಬೋರ್ಡು ಬರೆಸಿದವನು ಸ್ಟೂಲು ಒಂದೇ ತರಿಸಿದ್ದರೆ?

ಫೋನಿನಲ್ಲಿ ಅವನ ನಂಬರಿನ ಮೇಲೆ ಬೆರಳಿಟ್ಟಳು. ತೆಗೆದಳು. ಇಷ್ಟು ದಿನ ಕಾಯಿಸಿ ಫೋನಿನಲ್ಲಿ ಹೇಳುವ ಮಾತಲ್ಲ ಇದು.

"ಯಾರೇ ಅವನು?" ಹಾಸಿಗೆಯಿಂದ ಅಮ್ಮನ ದನಿ.

"ಗಂಡಸಿಯ ನಂಜಪ್ಪನವರ ಮಗ."

"ನಮ್ಮವರಲ್ಲ."

"ಅಲ್ಲಮ್ಮಾ."

ಕೋಮಲವಲ್ಲಿ ನಿಟ್ಟುಸಿರಿಟ್ಟರು. ಆಮೇಲೆ ವಾಕರ್ ಎಳೆದುಕೊಂಡು ಎದ್ದು ನಿಂತರು. "ನಿಮ್ಮಪ್ಪ ಒಂದು ವರ್ಷ ಮಾತಾಡಲ್ಲ ನೋಡು."

"ಗೊತ್ತು."

"ನಾನು ಮಾತಾಡ್ತೀನಿ."

ಸೋಮವಾರ ಬೆಳಿಗ್ಗೆ ಭಾಷ್ಯಂ ಒದ್ದೆ ಪಂಚೆಯಲ್ಲಿ ಒಲೆಯ ಮುಂದೆ ಕಣ್ಣುಜ್ಜಿಕೊಳ್ಳುತ್ತಿದ್ದರು. "ಅಬ್ಬಬ್ಬಾ, ಎಷ್ಟು ಹೊಗೆ ಇಲ್ಲಿ! ಇದರಲ್ಲಿ ಹೇಗಿದ್ರೇ ನೀವು?" ಬಾಗಿಲಲ್ಲಿ ವಾಕರ್ ಹಿಡಿದು ನಿಂತ ಕೋಮಲವಲ್ಲಿ ಮಗಳಿಗೆ ಹೋಗು ಎಂದು ಕಣ್ಸನ್ನೆ ಮಾಡಿದರು. ಹತ್ತು ಗಂಟೆಯ ಬಸ್ಸಿಗೆ ಕಾಯದೆ ಮೇಧಿನಿ ಸಿಕ್ಕಿದ ಟೆಂಪೋ ಹತ್ತಿದಳು.

ಮಹಡಿ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದಳು. ಒಳಗೆ ಎಲ್ಲರೂ ತಿರುಗಿ ನೋಡಿದರು. ಚನ್ನೇಶ್ ಒಂದೇ ಒಂದು ಸಲ ನೋಡಿ ತಲೆ ತಗ್ಗಿಸಿದ. ಅವನ ಕಣ್ಣು ಗುಳಿಬಿದ್ದಿತ್ತು.

ಅವಳ ಪಾಲಿಗೆ ಬಂದದ್ದು ಅದೇ ಕಿಟಕಿ ಪಕ್ಕದ ಟೇಬಲ್. ಸರ್ ಮೂರು ಕಡೆ ಕೆಡಿಸಿಟ್ಟ ಕಂಪ್ಯೂಟರ್. ಮೇಧಿನಿ ಕೈ ಹಾಕುವ ಮುಂಚೆ ಗೋಡೆಯ ಹತ್ತಿರ ಹೋಗಿ ಪ್ಲಗ್ ಕಿತ್ತಳು. ಎದುರು ಟೇಬಲ್ಲಿನಲ್ಲಿ ಯಾರೋ ಸಣ್ಣಗೆ ಕೆಮ್ಮಿದ ಹಾಗಾಯಿತು. ಅವಳು ತಲೆ ಎತ್ತಲಿಲ್ಲ. ಎತ್ತಿದ್ದರೆ ಪರೀಕ್ಷೆ ಅಲ್ಲಿಗೇ ಮುಗಿಯುತ್ತಿತ್ತು. ಮೊದಲನೇ ತೊಂದರೆ ಹತ್ತು ನಿಮಿಷಕ್ಕೆ, ಎರಡನೇದು ಅರ್ಧ ಗಂಟೆಗೆ, ಮೂರನೇದು ಇನ್ನೇನು ಸಮಯ ಮುಗಿಯಬೇಕು ಅನ್ನುವಾಗ ಸಿಕ್ಕಿತು. ಪರದೆ ಬೆಳಗಿತು!

"ಒಂದು ತಿಂಗಳು ಬರದವಳು ಮೂರೂ ಹುಡುಕಿದಳಲ್ಲಯ್ಯ!" ಎಂದರು ಮಹಾಂತೇಶ್ ಸರ್. "ಪಾಸು!"

ಎಲ್ಲರೂ ಕೆಳಗೆ ಟೀಗೆ ಹೋದರು. ಚನ್ನೇಶ್ ಬ್ಯಾಗ್ ಹೆಗಲಿಗೇರಿಸಿದ. ಬಾಗಿಲ ಹತ್ತಿರ ಮೇಧಿನಿ ಅಡ್ಡ ನಿಂತಳು. ಕೈಯಲ್ಲಿ ಆ ಹಳೇ ಮೊಬೈಲು.

"ಇದು ಆನ್ ಆಗ್ತಿಲ್ಲ. ನೋಡಿ."

"ಇನ್ನೂ... ಬಿಚ್ಚೇ ಇಲ್ವಾ ನೀವು?"

"ಮೊನ್ನೆ ಶನಿವಾರ ಬಿಚ್ಚಿದೆ."

"ಶನಿವಾರಾನಾ?!" ಅವನ ಬ್ಯಾಗು ಕೆಳಕ್ಕೆ ಜಾರಿತು. "ನಾನು ಅವತ್ತೇ ಸಿಕ್ಕಿರ್ತದೆ ಅನ್ಕಂಡೆ. ದಿನಾ ಫೋನ್ ನೋಡ್ಕಂಡು ಕೂತೆ. ಉತ್ರ ಬರ್ಲಿಲ್ಲ ಅಂದ್ಮೇಲೆ... ಇಷ್ಟ ಇಲ್ಲ, ನೋಯಿಸಬಾರದು ಅಂತ ಸುಮ್ಕವ್ರೆ ಅನ್ಕಂಡೆ."

"ಒಂದು ಮೆಸೇಜ್ ಹಾಕಬಾರದಿತ್ತಾ?"

"ಸುಳಿವು ಕೊಡಂಗಿಲ್ವಲ್ರೀ! ರೂಲ್ಸು!"

"ನಿಮ್ಮ ರೂಲ್ಸಿಗಿಷ್ಟು ಬೆಂಕಿ ಹಾಕ!" ಎಂದಳು ಮೇಧಿನಿ. ಅವಳ ಕಣ್ಣು ತುಂಬಿಬಂದಿತ್ತು. "ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದೆ ನಾನು, ಮಡಿಸೀರೇಲಿ. ಹೊರಗೆ ಬರೋಕಾಗದೆ. ಎಷ್ಟು ಅತ್ತಿದೀನಿ ಗೊತ್ತಾ?"

"ನಾನೂ ಅತ್ತೆ ಕಣ್ರೀ," ಎಂದುಬಿಟ್ಟ ಚನ್ನೇಶ್.

ಅವಳು ಕಿಟಕಿ ಪಕ್ಕದ ಸ್ಟೂಲನ್ನು ಕಾಲಿನಿಂದ ಅವನ ಕಡೆ ಸರಿಸಿದಳು. "ಕೂತ್ಕೊಂಡು ನೋಡಿ. ಇಷ್ಟು ದಿನ ನಿಂತಿದ್ದು ಸಾಕು."

ಅವನು ಕೂತ. ಮುಚ್ಚಳ ತೆಗೆದ, ಬ್ಯಾಟರಿ ಎತ್ತಿದ. ಪಿನ್ನುಗಳ ಮೇಲೆ ಹೊಸ ಕಾಗದವಿತ್ತು. ಬಿಡಿಸಿ ಓದಿದ.

*ಹಾಕ್ಸಿ. ಕಿಟಕಿ ಪಕ್ಕದ್ದು ನಂದು.*

ಎರಡು ಸಲ, ಮೂರು ಸಲ ಓದಿದ. ಆ ಚೀಟಿಯನ್ನು ಅಂಗಿಯ ಜೇಬಿಗೆ ಇಟ್ಟುಕೊಂಡು ಬ್ಯಾಟರಿ ಒತ್ತಿದ. ಹಳೇ ಮೊಬೈಲು ಪುಟ್ಟದಾಗಿ ಸದ್ದು ಮಾಡಿ ಬೆಳಗಿತು.

"ನಿಮ್ಮ ತಂದೆಯವ್ರು?"

"ಒಂದು ವರ್ಷ ಮಾತಾಡಲ್ಲವಂತೆ."

"ನಮ್ಮಪ್ಪ ಮಾತಾಡ್ತಾನೆ, ಆದ್ರೆ ಎಲ್ಲಾ ಬೈಗುಳನೇ." ಅವನು ನಕ್ಕ. ನಕ್ಕವನು ತಟ್ಟನೆ ಏನೋ ನೆನಪಾದಂತೆ ಸಪ್ಪಗಾದ. "ಮೇಧಿನಿ ಅವ್ರೇ... ಒಂದು ತೊಂದ್ರೆ ಐತೆ."

"ಏನು?"

"ನಮ್ಮ ಅಂಗಡಿಗೆ ಕಿಟಕಿನೇ ಇಲ್ಲ."

"ಇಲ್ವಾ?"

"ಇಲ್ಲ," ಎಂದು ಚನ್ನೇಶ್ ಅವಳ ಕೈ ಹಿಡಿದುಕೊಂಡ. "ನಾಳೆನೇ ಗೋಡೆ ಒಡೆಸ್ತೀನಿ."